ಬೀಗತಿಗೆ ತಂಗಳ ಮಾದಲಿ

“ಬಸ್ಸಿಳಿದೇನ್ರಿ, ಹೊಟ್ಟಿ ಹಸದೈತಿ,” ಎಂದು ಮಗಳ ಅತ್ತೆ, ಟಿಕೋಟಾದ ಬೀಗತಿ ನೀಲವ್ವ ಫೋನು ಮಾಡಿದಾಗ ಜೋರಾಪುರ ಪೇಟೆಯ ಸತ್ಯವ್ವ ಇಂಗು ತಿಂದ ಮಂಗನಂತಾದಳು. ಬೀಗರನ್ನು ಸಿಹಿ ಬಡಿಸದೆ ಕಳಿಸಿದರೆ ಮಾನ ಹರಾಜು. ಹೋಳಿಗೆಗೆ ಬೇಳೆ ಬೇಯುವಷ್ಟೂ ಹೊತ್ತಿರಲಿಲ್ಲ.

ಸೊಸೆ ಪೂನಮಳಿಗೆ ಅಜ್ಜಿಯ ಕಥೆಯ ಶಿವ ನೆನಪಾದ. ಹಸಿದು ಬಂದವನು ಬಡವಿಯ ಮನೆಯ ತಂಗಳನ್ನೇ ಉಂಡು ಡರ್ರನೆ ತೇಗಿದ್ದನಂತೆ. ಅವಳು ನಿನ್ನೆ ರಾತ್ರಿ ಉಳಿದ ಚಪಾತಿಗಳನ್ನು ಹರಿದು ಮಿಕ್ಸಿಗೆ ಹಾಕಿದಳು.

“ತಂಗಳ ಚಪಾತಿ ಬೀಗರಿಗೇನ, ಹುಚ್ಚಿ? ನನ್ನ ಮೂಗ ಕೊಯ್ಯಾಕತ್ತಿಯಲ್ಲ!”

“ಶಿವಾನ ಉಂಡಾನ್ರಿ ಅತ್ತಿ. ನೀಲವ್ವಾರು ಅವಗಿಂತ ದೊಡ್ಡವರೇನ್ರಿ?”

“ಭಾಳ ದೊಡ್ಡಾಕಿ!”

ಆ ಪುಡಿಗೆ ಬೆಲ್ಲ, ಪುಟಾಣಿ ಕಡಲೆ, ಏಲಕ್ಕಿ, ತುಪ್ಪ ಬೆರೆತು, ಒರಳಲ್ಲಿ ಕುಟ್ಟಿ ಮಾಡಬೇಕಾದ ಮಾದಲಿ ಹತ್ತೇ ನಿಮಿಷದಲ್ಲಿ ಸಿದ್ಧವಾಯಿತು. ನೀಲವ್ವ ಹಾಲು ಸುರಿದುಕೊಂಡು ಮೂರು ಸಲ ಹಾಕಿಸಿಕೊಂಡಳು.

“ಭಾಳ ಹೊತ್ತ ಹಿಡದಿರಬೇಕಲ್ರಿ?”

“ನಸುಕಿನ್ಯಾಗ ಎದ್ದ ಕುಟ್ಟೇನ್ರಿ. ರಟ್ಟಿ ಬಿದ್ದ ಹೋಗ್ಯಾವು,” ಎಂದು ಸತ್ಯವ್ವ ತೋಳು ಒತ್ತಿಕೊಂಡಳು.

“ಹಂಗಾರ ಸಣ್ಣ ಮಗನ ನಿಶ್ಚಯಕ್ಕ ನೀವ ಬರ್ರಿ. ನೂರು ಮಂದಿಗೆ ನಿಮ್ಮ ಕೈಲೇ ಕುಟ್ಟಿದ ಮಾದಲಿ ಆಗಬೇಕು.”

ಸತ್ಯವ್ವ ಒತ್ತಿಕೊಳ್ಳುತ್ತಿದ್ದ ತೋಳು ಬಿಟ್ಟು ಮಿಕ್ಸಿಯತ್ತ ಕಣ್ಣು ಹಾಯಿಸಿದಳು. ಆದರೂ ಬೀಗತಿಯ ಮುಂದೆ ಸೋಲುವುದುಂಟೇ?

“ಬರ್ತೇನ್ರಿ. ನಮ್ಮ ಪೂನಮನ್ನೂ ಕರಕೊಂಡ ಬರ್ತೇನಿ. ಪಾಪ, ಆಕಿನೂ ಕುಟ್ಟೂದ ಕಲೀಲಿ.”