ಅಕ್ಕನ ಚರ್ಮ

ನಮ್ಮ ಪ್ರಯೋಗಾಲಯದಲ್ಲಿ ಚರ್ಮ ಬೆಳೆಸುತ್ತೇವೆ. ಸುಟ್ಟವರ ಮೈಯಿಂದಲೇ ಅಂಚೆಚೀಟಿಯಷ್ಟು ಒಳ್ಳೆಯ ಚರ್ಮ ತೆಗೆದು, ಅದರ ಕೋಶಗಳನ್ನು ಬಿಡಿಸಿ, ಪೋಷಕ ದ್ರವ ತುಂಬಿದ ತಟ್ಟೆಯಲ್ಲಿ ಹಾಕಿ, ಮೈಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಇಡುವುದು. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಮೂರು ವಾರಕ್ಕೆ ಬೆನ್ನು ಮುಚ್ಚುವಷ್ಟು ಚರ್ಮ ಸಿದ್ಧ. ಹನ್ನೊಂದು ವರ್ಷದಲ್ಲಿ ಯಾರ ತಟ್ಟೆಯನ್ನೂ ನಾನು ಕೆಡಿಸಿರಲಿಲ್ಲ.

ಈ ಸಲದ ತಟ್ಟೆ ನಮ್ಮಕ್ಕನದು. ಅವಳು ಕೆಲಸ ಮಾಡುವ ಲಾಂಡ್ರಿಯಲ್ಲಿ ಆವಿಯ ಕೊಳವೆ ಒಡೆದು ಬೆನ್ನು ಪೂರ್ತಿ ಸುಟ್ಟಿತ್ತು.

ತಟ್ಟೆಯನ್ನು ದಿನಕ್ಕೆ ಒಂದೇ ಸಲ ಹೊರತೆಗೆಯಬೇಕು ಎಂಬುದು ನಿಯಮ. ಹೊಸಬರಿಗೆ ಅದನ್ನು ತಲೆಗೆ ಮೊಟಕಿದಂತೆ ಹೇಳಿಕೊಡುವವಳು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಅಕ್ಕನ ತಟ್ಟೆಯನ್ನು ದಿನಕ್ಕೆ ಆರು ಸಲ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟೆ. ಕೋಶ ಒಳಗಿನ ವರ್ಣತಂತುಗಳನ್ನು ಇಮ್ಮಡಿ ಮಾಡಿಕೊಂಡ ಮೇಲೆ ತಟ್ಟೆಗೆ ಅಂಟಿದ್ದ ಹಿಡಿತ ಸಡಿಲಿಸಿ ದುಂಡಗಾಗುತ್ತದೆ. ತಂತುಗಳು ಆಚೆಗರ್ಧ ಈಚೆಗರ್ಧ ಸರಿಯುತ್ತವೆ, ನಡು ಸಣ್ಣಗಾಗಿ ಕೋಶ ಎರಡಾಗುತ್ತದೆ. ಆ ಹೊತ್ತಿನಲ್ಲಿ ತಟ್ಟೆ ಅಲುಗಿದರೆ ಅದು ಕಳಚಿ ತೇಲುತ್ತದೆ, ದ್ರವ ಬದಲಿಸುವಾಗ ಚರಂಡಿ ಸೇರುತ್ತದೆ. ನಾನು ಅಲುಗಿಸಿ ಕಳೆದದ್ದು ಎರಡಾಗಲು ಹೊರಟಿದ್ದವನ್ನೇ.

ಹತ್ತನೆಯ ದಿನ ನಮ್ಮ ಮುಖ್ಯಸ್ಥರು ನೋಡಿದಾಗ ಇರಬೇಕಾದದ್ದರ ಅರ್ಧವೂ ಇರಲಿಲ್ಲ. ಅವರು ಬೈಯಲಿಲ್ಲ. ಪೆಟ್ಟಿಗೆಯ ಕೀಲಿ ಇಸಿದುಕೊಂಡು, ಚರ್ಮ ಕೂರಿಸುವ ಆಪರೇಷನ್ ಒಂದು ವಾರ ಮುಂದಕ್ಕೆ ಹೋಗುತ್ತದೆ, ಅಕ್ಕನಿಗೆ ನೀವೇ ಹೇಳಿ ಎಂದರು. ತೆರೆದ ಗಾಯಕ್ಕೆ ಒಂದು ವಾರ ಎಂದರೆ ಏನೆಂದು ನನಗೆ ಗೊತ್ತು. ನಂಜೇರಿದರೆ ಅಕ್ಕ ಉಳಿಯುವುದೇ ಕಷ್ಟ.

ವಾರ್ಡಿನಲ್ಲಿ ಅಕ್ಕ ಬೋರಲು ಮಲಗಿದ್ದಳು. ಒಂದೂ ಬಿಡದೆ ಒಪ್ಪಿಕೊಂಡೆ.

"ದಿನಕ್ಕೆ ಆರು ಸಲಾನಾ?"

"ಹೂಂ."

"ನಿನ್ನ ಲ್ಯಾಬ್ ಇಲ್ಲಿಂದ ಎಷ್ಟು ದೂರ?"

"ಮೇಲಿನ ಮಹಡಿ."

"ನನ್ನನ್ನ ನೋಡೋಕೆ ಇವತ್ತೇ ಮೊದಲ ಸಲ ಬಂದಿರೋದು ನೀನು."

ಕೆಲಸ ಬಿಡುವಿಲ್ಲ ಎಂದು ಭಾವನ ಹತ್ತಿರ ಹೇಳಿ ಕಳಿಸುತ್ತಿದ್ದೆ. ನಿಜವೆಂದರೆ ಆ ಬೆನ್ನು ನೋಡಲು ನನಗೆ ಹೆದರಿಕೆ. ತಟ್ಟೆಯಲ್ಲಿದ್ದ ಅಕ್ಕನಿಗೆ ನೋವಿರಲಿಲ್ಲ, ಅದಕ್ಕೇ ಅಲ್ಲಿಗೆ ಓಡುತ್ತಿದ್ದೆ.

ನರ್ಸ್ ಬಂದು, ಗಾಯದ ಬಟ್ಟೆ ಬದಲಿಸಬೇಕು, ಹೊರಗೆ ಕೂತಿರಿ ಎಂದರು. ನಾನು ಎದ್ದೆ. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಇವಳು ಇರ್ಲಿ ಸಿಸ್ಟರ್. ನೋಡೋದೇ ಇವಳ ಕೆಲಸ."

ನರ್ಸ್ ಬಟ್ಟೆ ಬಿಚ್ಚಿದರು. ನಾನು ನೋಡಿದೆ.