ಜೂನ್ ಹದಿನೇಳರ ಕ್ಲಾಸು

‘ಅಳಿಸಿಹೋಗಿದೆ’ ಎಂಬ ಸುಳ್ಳು ಪೂರ್ಣೇಶರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಎದುರಿಗೆ ಕುಳಿತಿದ್ದ ದೀಪಶ್ರೀ ಅವರ ಹಳೆಯ ವಿದ್ಯಾರ್ಥಿನಿ. ಈಗ ರಿಪ್ಪನ್‌ಪೇಟೆಯ ಸೊಸೈಟಿಯೊಂದರಲ್ಲಿ ಕೆಲಸ. ರಜೆ ಹಾಕಿ, ಎರಡು ಬಸ್ಸು ಬದಲಿಸಿ ತೀರ್ಥಹಳ್ಳಿಯ ಕಾಲೇಜಿಗೆ ಬಂದಿದ್ದಳು.

"ಕೊರೊನಾ ಟೈಮಲ್ಲಿ ಆನ್‌ಲೈನ್ ಕ್ಲಾಸನ್ನ ರೆಕಾರ್ಡ್ ಮಾಡ್ತಿದ್ರಲ್ಲ ಸರ್, ಜೂನ್ ಹದಿನೇಳನೇ ತಾರೀಕಿಂದು ಇದ್ಯಾ?"

"ಪಾಸಾಗಿ ಎಷ್ಟು ಕಾಲ ಆಯ್ತು ಮಾರಾಯ್ತಿ! ಈಗ ಎಂತಕ್ಕೆ ಅದು?"

"ಅದ್ರಲ್ಲಿ ಅಮ್ಮನ ದನಿ ಇದೆ ಸರ್. ಮುಂದಿನ ತಿಂಗ್ಳೇ ತೀರ್ಕೊಂಡ್ಳು. ಫೋಟೋ ಇದಾವೆ, ದನಿ ಎಲ್ಲೂ ಇಲ್ಲ. ಹ್ಯಾಗಿತ್ತು ಅನ್ನೋದೇ ಮರ್ತು ಹೋಗ್ತಾ ಇದೆ."

ಪೂರ್ಣೇಶರಿಗೆ ಮಾತ್ರ ಆ ದನಿ ಮರೆತಿರಲಿಲ್ಲ. ಎಷ್ಟೋ ಸಲ ಪಾಠದ ನಡುವೆ ಹಿಂದಿನ ಬೆಂಚಿನಿಂದ ಕೇಳಿದಂತಾಗಿ, ಹೇಳುತ್ತಿದ್ದ ವಾಕ್ಯವೇ ತಪ್ಪಿಹೋಗುತ್ತಿತ್ತು. ಮಕ್ಕಳು ಸರ್‌ಗೆ ವಯಸ್ಸಾಯಿತು ಅಂದುಕೊಳ್ಳುತ್ತಿದ್ದರು.

ತಾಯಿಯ ಹೆಸರು ಮೀನಾಕ್ಷಮ್ಮ. ಮಾಸ್ತಿಕಟ್ಟೆ ಕಡೆಯ ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಗುಡ್ಡದ ಮೇಲೆ ಒಂದು ಟಾರ್ಪಾಲು ಕಟ್ಟಿ, ಅದರಡಿ ಕುಳಿತು ಮಗಳು ಪಾಠ ಕೇಳಬೇಕಿತ್ತು. ಕಾಡುಕೋಣದ ಭಯಕ್ಕೆ ತಾಯಿ ದಿನವೂ ಜೊತೆಗೆ ಹೋಗುತ್ತಿದ್ದರು. ಇದೆಲ್ಲ ಪೂರ್ಣೇಶರಿಗೆ ಗೊತ್ತಾದದ್ದು ಆಮೇಲೆ, ಆಕೆಯ ಸಾವಿನ ಸುದ್ದಿಯ ಜೊತೆಗೆ.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಕಾಲೇಜಿನ ತಪಾಸಣೆಗೆ ಬರುವ ನ್ಯಾಕ್‌ನವರಿಗೆ ತೋರಿಸಲೆಂದು ಎತ್ತಿಟ್ಟಿದ್ದ ಹಾರ್ಡ್ ಡಿಸ್ಕನ್ನು ಕಪಾಟಿನಿಂದ ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಫೈಲು ಇತ್ತು. ಸ್ಟಾಫ್‌ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ.

"ನನ್ ಮಾತೂ ಇದೆ ಅದ್ರಲ್ಲಿ," ಎಂದರು.

"ಗೊತ್ತು ಸರ್. ಹಾಕಿ."

ಪರದೆಯ ಮೇಲೆ ಹೆಸರುಗಳ ಚೌಕಗಳು ಮೂಡಿದವು, ಮುಖ ಒಂದೂ ಇಲ್ಲ. ಬೇಡಿಕೆಯ ನಿಯಮ ವಿವರಿಸುತ್ತಿದ್ದ ತಮ್ಮದೇ ಗಂಟಲು ಅವರಿಗೆ ಪರಕೀಯವಾಗಿ ಕೇಳಿಸಿತು. ಇಪ್ಪತ್ತೆರಡನೇ ನಿಮಿಷದಲ್ಲಿ ಮಳೆಯ ಸದ್ದು ನುಗ್ಗಿತು. ಅದರೊಳಗಿಂದ ಒಂದು ಹೆಂಗಸಿನ ದನಿ, ಪಕ್ಕದಲ್ಲೇ ಕುಳಿತಂತೆ:

"ಕಾಲಿಗೆ ಉಂಬಳ ಹತ್ತಿದೆ ಕಣೇ. ಅಲ್ಲಾಡ್ಬ್ಯಾಡ, ನೀ ಬರ್ಕ. ಸುಣ್ಣ ಹಚ್ತೀನಿ, ಬಿಡ್ತದೆ. ಅಯ್ಯೋ, ಎಷ್ಟು ರಕ್ತ ಕುಡ್ದದೆ ನೋಡು! ದೀಪಾ, ನಾ ಎಂತ ಹೇಳೂದು ಅಂದ್ರೆ..."

"ಯಾರ್ರೀ ಅದು ಮೈಕ್ ಆನ್ ಇಟ್ಟಿರೋದು? ಇದೇನು ಕ್ಲಾಸಾ, ಸಂತೆನಾ?" ರೆಕಾರ್ಡಿನಲ್ಲಿ ಪೂರ್ಣೇಶರದೇ ಗದರಿಕೆ.

ಹತ್ತಾರು ಕಡೆಯಿಂದ ಕಿಸಕ್ಕನೆ ನಗು. ಮಳೆ ಒಮ್ಮೆಲೇ ನಿಂತಿತು. ಮ್ಯೂಟ್ ಒತ್ತಿದ್ದು ಅವರೇ.

ದೀಪಶ್ರೀ ಕಣ್ಣೊರೆಸಿಕೊಳ್ಳಲಿಲ್ಲ. "ಮಾನ ಹೋಯ್ತು, ನಾಳೆಯಿಂದ ಹತ್ರ ಕೂರ್ಬೇಡ ಅಂದೆ ಸರ್ ನಾನು. ಆಮೇಲೆ ದೂರ ಮರದ ಕೆಳಗೆ ಛತ್ರಿ ಹಿಡ್ಕಂಡು ಕೂರ್ತಿದ್ಲು," ಎಂದಳು.

ಪೂರ್ಣೇಶ್ ತಪ್ಪಾಯಿತು ಎನ್ನಬೇಕೆಂದುಕೊಂಡರು. ಮೂವತ್ತು ವರ್ಷ ಪಾಠ ಹೇಳಿದ ಬಾಯಿಗೆ ಆ ಒಂದು ಮಾತು ಬರಲಿಲ್ಲ. ನಿಲ್ಲಿಸಲು ಕೈ ಚಾಚಿದರು.

"ಬ್ಯಾಡ ಸರ್, ಓಡ್ಲಿ. ಅಮ್ಮ ಇನ್ನೂ ಮಾತಾಡ್ತಾ ಇದ್ಲು ಆಗ."

"ಎಂತ ಹೇಳ್ತಿದ್ರು?"

"ಗೊತ್ತಿಲ್ಲ ಸರ್. ನಾನು ನಿಮ್ ಪಾಠ ಕೇಳ್ತಿದ್ದೆ."

ಮುಂದಿನ ಪೀರಿಯಡ್ಡಿನ ಗಂಟೆ ಹೊಡೆಯಿತು. ಪೂರ್ಣೇಶ್ ಏಳಲಿಲ್ಲ. ಪರದೆಯಲ್ಲಿ ಬೆಲೆ ಏರಿದರೆ ಬೇಡಿಕೆ ಏಕೆ ಇಳಿಯುತ್ತದೆ ಎಂದು ಅವರು ವಿವರಿಸುತ್ತಲೇ ಇದ್ದರು. ಎಡಗಡೆಯ ಮೂಲೆಯಲ್ಲಿ ದೀಪಶ್ರೀಯ ಹೆಸರಿನ ಚೌಕ, ಅದರ ಕೆಳಗೆ ಅಡ್ಡಗೆರೆ ಎಳೆದ ಕೆಂಪು ಮೈಕಿನ ಗುರುತು. ಇಬ್ಬರೂ ಅದನ್ನೇ ನೋಡುತ್ತಾ ಕುಳಿತರು. ಕ್ಲಾಸು ಮುಗಿಯಲು ಇನ್ನೂ ಮೂವತ್ತೆಂಟು ನಿಮಿಷ ಬಾಕಿ ಇತ್ತು.