ಬೈಸಿಕೊಳ್ಳದೆ ಹೊರಟವರು

ಗಿಲ್‌ನ್ಯೊ ಅಕ್ಕನ ಮುಚ್ಚಿದ ಬಾಗಿಲ ಮುಂದೆ ನಮ್ಮ ಚರ್ಚಿನ ಯುವಕ ಸಂಘದವರು ಬ್ಯಾನರ್ ಹಿಡಿದು ನಿಂತಿದ್ದರು. ಎಲ್ಲರಿಗೂ ನೀಲಿ ಜಾಕೆಟ್. ಕೆನ್ನೆಯ ಮೇಲೆ ಫೋಟೋಗೆಂದೇ ಹಚ್ಚಿಕೊಂಡ ಮಸಿ. ಕೈಗವಸು ಮಾತ್ರ ಹಾಲಿನಷ್ಟು ಬಿಳಿ.

"ಎಲ್ರೂ ಕಿಮ್ಚಿ ಅನ್ನಿ!" ನಗು ಬರಿಸಲು ಫೋಟೋ ತೆಗೆಯುವವನು ಕೂಗಿದ.

"ಕಿಮ್ಚೀ..." ಎಂದು ಹಲ್ಲು ಬಿಟ್ಟರು. ಅಕ್ಕನಿಗೆ ದಾನವಾಗಿ ತಂದ ಕಲ್ಲಿದ್ದಲ ಬಿಲ್ಲೆಗಳನ್ನು ಗೋಡೆ ಪಕ್ಕ ಒಪ್ಪವಾಗಿ ಜೋಡಿಸಿದ್ದರು, ಇಲ್ಲ ಅನ್ನುವುದಿಲ್ಲ.

"ಅಕ್ಕ ಏನಂದ್ಲು?" ಕೇಳಿದೆ.

"ಮಲಗಿರ್ಬೇಕು ಅಜ್ಜಿ. ಪಾಪ, ಯಾಕೆ ಎಬ್ಬಿಸೋದು ಅಂತ..." ಎಂದ ಕಾರ್ಯದರ್ಶಿ ಗ್ಯೂಹಾ.

"ಬಾಗಿಲು ಬಡೀಲಿಲ್ವಾ?"

"ಅದೆಲ್ಲ ನಿಲ್ಸಿದೀವಲ್ಲ. ನಿದ್ದೆ ಕೆಡುತ್ತೆ ಅಂತ ಜನ ಕಂಪ್ಲೇಂಟ್ ಮಾಡ್ತಾರೆ."

ಮೈಯೆಲ್ಲ ಉರಿದುಹೋಯಿತು. ಈ ಸಂಘ ಹುಟ್ಟಿದ್ದೇ ಬಾಗಿಲು ಬಡಿಯುವುದಕ್ಕೆ! ಆಗ ನಾನು, ಅಕ್ಕ ಎಲ್ಲ ಹರೆಯದವರು, ಇಂಚಾನ್‌ನ ನೂಲಿನ ಗಿರಣಿಯ ಹುಡುಗಿಯರು. ಇದೇ ಗುಡ್ಡದ ಬಾಡಿಗೆ ಕೋಣೆಗಳಲ್ಲಿ ನೆಲದಡಿ ಬಿಲ್ಲೆ ಉರಿಸಿ ಬೆಚ್ಚಗೆ ಮಲಗುತ್ತಿದ್ದೆವು. ಒಂದು ಚಳಿಗಾಲ ನಮ್ಮ ಜೊತೆಯ ಬೂನಿ ಮತ್ತು ಅವಳ ತಂಗಿ ನಸುಕಿನ ಪ್ರಾರ್ಥನೆಗೆ ಬರಲಿಲ್ಲ. ನೆಲದ ಬಿರುಕಿನಿಂದ ಉರಿಯುವ ಬಿಲ್ಲೆಯ ವಿಷಗಾಳಿ ಬಂದು ಇಬ್ಬರೂ ಮಲಗಿದಲ್ಲೇ ಹೋಗಿದ್ದರು. ಮಣ್ಣು ಮಾಡುವಾಗ ಪಾಸ್ಟರ್, ದೇವರು ಕರೆಸಿಕೊಂಡ ಎಂದರು. ಗಿಲ್‌ನ್ಯೊ ಅಕ್ಕ ಅಲ್ಲೇ ಸಿಡಿದಳು.

"ದೇವ್ರಲ್ಲ ಕರ್ಸ್ಕೊಂಡಿದ್ದು, ಬಿರುಕು ಬಿಟ್ಟ ನೆಲ! ಮನೆ ಮಾಲೀಕ ರಿಪೇರಿ ಮಾಡಿಸ್ಲಿಲ್ಲ, ಅದಕ್ಕೆ ಸತ್ರು. ನಾಳೆಯಿಂದ ಪ್ರಾರ್ಥನೆ ಮುಗಿಸ್ಕೊಂಡು ಯಾರೂ ಸೀದಾ ಮನೆಗೆ ಹೋಗಂಗಿಲ್ಲ. ಒಂದೊಂದು ಬಾಗಿಲೂ ಬಡೀರಿ. ಒಳಗಿನವ್ರು ಬೈಯೋ ತನಕ ಅಲ್ಲಾಡ್ಬೇಡಿ."

ಬೈದರು, ಅಬ್ಬಾ, ಎಷ್ಟು ಚೆನ್ನಾಗಿ ಬೈದರು! ಚಪ್ಪಲಿ ಎಸೆದರು. ಬೈದರೆಂದರೆ ಬದುಕಿದ್ದಾರೆ ಎಂದು ನಗುತ್ತಾ ಮುಂದಿನ ಮನೆಗೆ ಹೋಗುತ್ತಿದ್ದೆವು. ಬಿರುಕಿಗೆ ಗಾರೆ ಮೆತ್ತುವುದು, ಬಿಲ್ಲೆ ಹೊರುವುದು ಎಲ್ಲ ಆಮೇಲೆ ಶುರುವಾದದ್ದು. ಜಾಕೆಟ್ ಬಂದದ್ದಂತೂ ಮೊನ್ನೆ ಮೊನ್ನೆ. ಈಗ ಸಂಘದ ಕಚೇರಿಯ ಗೋಡೆಯಲ್ಲಿ ಸ್ಥಾಪಕರೆಂದು ಕಟ್ಟಡಕ್ಕೆ ಜಾಗ ಕೊಟ್ಟ ಹಿರಿಯರ ಫೋಟೋ ಇದೆ. ಅಕ್ಕ ಅವರ ಲೆಕ್ಕದಲ್ಲಿ ಬಿಲ್ಲೆ ಪಡೆಯುವ ಒಬ್ಬ ಬಡ ಮುದುಕಿ.

ಬ್ಯಾನರನ್ನು ಪಕ್ಕಕ್ಕೆ ತಳ್ಳಿ ಬಾಗಿಲು ಬಡಿದೆ. ಸದ್ದಿಲ್ಲ. ಮುಷ್ಟಿ ನೋಯುವ ತನಕ ಬಡಿದೆ. ಗುಡ್ಡದಲ್ಲೇ ಹೆಸರಾದ ಆ ಬಾಯಿಂದ ಒಂದು ಬೈಗುಳವೂ ಬರಲಿಲ್ಲ. ಗ್ಯೂಹಾನ ಕಡೆ ತಿರುಗಿದೆ.

"ಏನೋ ನೋಡ್ತಾ ನಿಂತಿದೀಯ? ಒದಿಯೋ ಬಾಗಿಲು!"

ಗ್ಯೂಹಾ ಒದ್ದ. ಅಕ್ಕ ಹಾಸಿಗೆ ಬಿಟ್ಟು ಅರ್ಧ ದೂರ ತೆವಳಿ, ಬಾಗಿಲ ಕಡೆ ಕೈ ಚಾಚಿ ಬಿದ್ದಿದ್ದಳು. ಹೊರಗೆ ಎಳೆದು ತಂದು ಗಾಳಿಗೆ ಮಲಗಿಸಿದೆವು. ಒಬ್ಬಳು ಅಳುತ್ತಾ ಆಂಬುಲೆನ್ಸಿಗೆ ಫೋನ್ ಮಾಡಿದಳು. ಅಕ್ಕನ ಕೆನ್ನೆ ತಟ್ಟಿದೆ, ತಿಕ್ಕಿದೆ, ಕೂಗಿದೆ. ಕೊನೆಗೆ ಅಕ್ಕ ಕೆಮ್ಮಿ ಕಣ್ಣು ಬಿಟ್ಟಳು. ಮೊದಲು ಕಂಡದ್ದು ನೀಲಿ ಜಾಕೆಟ್.

"ಹಾಳಾದೋರಾ," ಎಂದಳು, ದನಿ ಕೀರಲಾಗಿತ್ತು. "ನಾನಿಲ್ಲಿ ಸಾಯ್ತಾ ಇದ್ರೆ, ಬಾಗಿಲಲ್ಲಿ ನಿಂತ್ಕೊಂಡು ಕಿಮ್ಚಿ ಅಂತೀರಲ್ರೋ..."

ಅವಳಿಗೆ ಎಲ್ಲ ಕೇಳಿಸಿತ್ತು.

ಆ ಬೈಗುಳಕ್ಕೆ ನಾನು ಗೊಳೋ ಎಂದು ಅತ್ತುಬಿಟ್ಟೆ. ಆಂಬುಲೆನ್ಸಿನವರು ಅಕ್ಕನನ್ನು ಎತ್ತಿಕೊಂಡು ಹೋದ ಮೇಲೆ ಗ್ಯೂಹಾನ ಬಿಳಿ ಕೈಗವಸು ಕಿತ್ತು ಬಿಸಾಕಿ, ಪಕ್ಕದ ಮನೆಯ ಬಾಗಿಲು ತೋರಿಸಿದೆ.

"ಹೋಗು, ಬೈಸ್ಕೊಂಡು ಬಾ."